ಕಣ್ಣು ಮುಚ್ಚಿ ಉಣಿಸಿದವನು

ನದಿಯ ದಡದಲ್ಲಿ ಒಂದು ಸಣ್ಣ ಕ್ರೈಸ್ತ ಆಶ್ರಮವಿತ್ತು. ಅಲ್ಲಿ ಅರುಳಪ್ಪಸ್ವಾಮಿ ಎಂಬ ವೃದ್ಧ ಗುರುಗಳಿದ್ದರು. ಅವರ ಶಿಷ್ಯ ಇನ್ನಾಸಪ್ಪ ಏಳು ವರ್ಷದಿಂದ ಅವರ ಬಳಿ ಇದ್ದ.

ಆಶ್ರಮಕ್ಕೆ ಬಂದವರೆಲ್ಲ ಇನ್ನಾಸಪ್ಪನ ಭಕ್ತಿ ಕಂಡು ಬೆರಗಾಗುತ್ತಿದ್ದರು. ಗಂಟೆಗಟ್ಟಲೆ ಮೊಣಕಾಲೂರಿ ಇರುತ್ತಿದ್ದ. ಕೀರ್ತನೆಗಳೆಲ್ಲ ಅವನಿಗೆ ಬಾಯಿಪಾಠ.

ಒಂದು ದಿನ ಅವನು ಗುರುಗಳ ಮುಂದೆ ನಿಂತು, "ಸ್ವಾಮಿ, ನನಗೆ ಸನ್ಯಾಸದ ಕೊನೆಯ ವ್ರತ ಕೊಡಿ. ಉಳಿದ ಆಯುಸ್ಸನ್ನೆಲ್ಲ ದೇವರಿಗೇ ಮುಡಿಪಾಗಿಡುತ್ತೇನೆ" ಎಂದ.

"ಹಿಂದಿನ ಕೋಣೆಯಲ್ಲಿ ಚೌರಪ್ಪ ಮಲಗಿದ್ದಾನಲ್ಲ, ಅವನನ್ನು ನೋಡಿಕೋ. ಆಮೇಲೆ ಮಾತಾಡೋಣ" ಎಂದರು ಗುರುಗಳು.

ಚೌರಪ್ಪ ಕಲ್ಲುಕ್ವಾರಿಯಲ್ಲಿ ದುಡಿದವನು. ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು, ಮಾತು ತೊದಲುತ್ತಿತ್ತು. ನೆಂಟರು ಅವನನ್ನು ಆಶ್ರಮದ ಬಾಗಿಲಲ್ಲಿ ಬಿಟ್ಟು ಹೋಗಿದ್ದರು. ಹತ್ತಿರ ಬಂದವರ ಮೇಲೆಲ್ಲ ಅವನು ರೇಗುತ್ತಿದ್ದ.

ಇನ್ನಾಸಪ್ಪ ಒಂದು ಕೆಲಸಕ್ಕೂ ತಪ್ಪಲಿಲ್ಲ. ಮೈ ಒರೆಸಿದ, ಬಟ್ಟೆ ಬದಲಿಸಿದ, ಬೆನ್ನು ಹುಣ್ಣಾಗದಂತೆ ಮಗ್ಗುಲು ಹೊರಳಿಸಿದ. ಊಟದ ಹೊತ್ತಿಗೆ ಶಿಲುಬೆಯ ಗುರುತು ಹಾಕಿಕೊಂಡು, ಗೋಡೆಯ ಮೇಲಿನ ಶಿಲುಬೆಯನ್ನು ಒಮ್ಮೆ ನೋಡಿ, ಕಣ್ಣು ಮುಚ್ಚಿ, ಜಪಿಸುತ್ತ ತುತ್ತಿಡುತ್ತಿದ್ದ.

ಚೌರಪ್ಪ ಉಗಿಯುತ್ತಿದ್ದ.

ಮೊದಲ ದಿನ ಉಗಿದ. ಹತ್ತನೆಯ ದಿನವೂ ಉಗಿದ. ಅಂದು ಸಾರು ಕಲಸಿದ ಅನ್ನ ಇನ್ನಾಸಪ್ಪನ ಮುಖಕ್ಕೇ ಸಿಡಿಯಿತು. ಅವನು ತಟ್ಟೆಯನ್ನು ನೆಲಕ್ಕೆ ಕುಕ್ಕಿ ಗುರುಗಳ ಬಳಿಗೆ ಬಂದ.

"ನನ್ನ ಕೈಲಾಗದು ಸ್ವಾಮಿ. ಇವತ್ತು ಅವನಿಗೆ ಹೊಡೆಯಲು ಕೈ ಎತ್ತಿಬಿಟ್ಟೆ."

"ಹೊಡೆದೆಯಾ?"

"ಇಲ್ಲ."

"ಯಾಕೆ?"

"ದೇವರು ನೋಡುತ್ತಿದ್ದಾನೆ ಅನ್ನಿಸಿತು."

"ಚೌರಪ್ಪನೂ ನೋಡುತ್ತಿದ್ದನಲ್ಲ?"

ಇನ್ನಾಸಪ್ಪ ತಲೆ ತಗ್ಗಿಸಿದ. "ಒಂದೊಂದು ತುತ್ತನ್ನೂ ಕ್ರಿಸ್ತನಿಗೆ ಕೊಟ್ಟಂತೆ ಕೊಟ್ಟೆ ಸ್ವಾಮಿ. ಅದು ತಪ್ಪೇ?" ಎಂದು ಕೇಳಿದ.

"ನಾಳೆಯಿಂದ ಚೌರಪ್ಪನಿಗೇ ಕೊಡು" ಎಂದು ಗುರುಗಳು ಕೋಲು ಹಿಡಿದು ಎದ್ದರು.

ಹಿಂದಿನ ಕೋಣೆಗೆ ಹೋಗಿ ಮಂಚದ ಅಂಚಿನಲ್ಲಿ ಕುಳಿತರು. "ಚೌರಪ್ಪಾ, ಒಂಚೂರು ಬಾಯಿ ತೆಗಿಯಪ್ಪಾ" ಎಂದು ಅವನ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಶಿಷ್ಯನನ್ನು ಹತ್ತಿರ ಕರೆದರು.

ಮುರಿದ ಹಲ್ಲೊಂದು ಕೆನ್ನೆಯ ಒಳಗೆ ಕೊರೆದು, ಹುಣಸೆಬೀಜದಷ್ಟು ದೊಡ್ಡ ಹುಣ್ಣಾಗಿತ್ತು. ಹತ್ತು ದಿನ ಖಾರದ ಸಾರು ಬಿದ್ದದ್ದು ಅದರ ಮೇಲೆ.

"ನೋಯ್ತಿದೆ ಅಂತ ಇವನಿಗೆ ಹೇಳಲಿಲ್ಲವೇನಪ್ಪಾ?"

"ಹೇಳ್ದೆ, ಕೈಯಲ್ಲೂ ತೋರಿಸ್ದೆ" ಎಂದ ಚೌರಪ್ಪ ತೊದಲುತ್ತ. "ಇವ್ನು ಕಣ್ಣೇ ಬಿಡಲ್ಲ."

ಇನ್ನಾಸಪ್ಪ ಮಂಚದ ಪಕ್ಕದಲ್ಲಿ ಕುಳಿತ. "ಅಣ್ಣಾ, ತಪ್ಪಾಯ್ತು" ಎಂದ. ಚೌರಪ್ಪ ಗೋಡೆಯ ಕಡೆ ಮುಖ ತಿರುಗಿಸಿದ.

ಮರುದಿನ ಇನ್ನಾಸಪ್ಪ ಡಾಕ್ಟರನ್ನು ಕರೆತಂದು ಹಲ್ಲು ತೆಗೆಸಿದ. ಅನ್ನವನ್ನು ಮೆತ್ತಗೆ ಕಿವುಚಿ ಹಾಲು ಹಾಕಿ ತಂದ. ಚೌರಪ್ಪ ಅವನ ಮುಖವನ್ನೇ ದಿಟ್ಟಿಸುತ್ತ ಒಂದು ತುತ್ತು ನುಂಗಿದ. ಆಮೇಲೆ ಇನ್ನೊಂದಕ್ಕೆ ತಾನೇ ಬಾಯಿ ತೆರೆದ.

ದಿನ ಕಳೆದಂತೆ ಆ ತೊದಲು ಇನ್ನಾಸಪ್ಪನಿಗೆ ಅರ್ಥವಾಗತೊಡಗಿತು. ಉಳಿ ಇಡುವ ಮೊದಲು ಕಲ್ಲನ್ನು ತಟ್ಟಿ ಅದು ಸೀಳುವ ಎಳೆ ಎತ್ತ ಹೋಗುತ್ತದೆಂದು ತಿಳಿಯುವುದು ಹೇಗೆ ಎಂದು ಚೌರಪ್ಪ ಹೇಳಿಕೊಡುತ್ತಿದ್ದ. ಒಂದು ಸಂಜೆ ಹೊಳೆ ನೋಡಬೇಕೆಂದ. ಇನ್ನಾಸಪ್ಪ ಅವನನ್ನು ಬೆನ್ನ ಮೇಲೆ ಹೊತ್ತು ಒಯ್ದು ದಡದಲ್ಲಿ ಕೂರಿಸಿ, ತಾನೂ ಪಕ್ಕದಲ್ಲಿ ಕುಳಿತ. ಪ್ರಾರ್ಥನೆಯ ಗಂಟೆ ಹೊಡೆಯಿತು. ಇಬ್ಬರೂ ಏಳಲಿಲ್ಲ.

ಮಾರನೆಯ ದಿನ ಶಿಷ್ಯ ಗುರುಗಳ ಮುಂದೆ ಮೊಣಕಾಲೂರಿದ.

"ಸ್ವಾಮಿ, ನನ್ನ ಭಕ್ತಿ ಕಡಿಮೆಯಾಗಿದೆ. ಜಪಕ್ಕೆ ಕೂತರೆ ಚೌರಪ್ಪಣ್ಣನೇ ಕಣ್ಣ ಮುಂದೆ ಬರುತ್ತಾನೆ. ನಿದ್ದೆ ಮಾಡಿದನೋ, ಚಳಿಯಾಗುತ್ತಿದೆಯೋ ಎಂದೇ ಯೋಚನೆ."

"ಅವನಿಗೆ ಚಳಿಯಾಗುತ್ತಿದೆಯೇ?"

"ಬೆಳಗಿನ ಹೊತ್ತು ಆಗುತ್ತದೆ."

ಗುರುಗಳು ತಾವು ಹೊದ್ದಿದ್ದ ಶಾಲು ತೆಗೆದು ಅವನ ಕೈಗಿತ್ತರು.

ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಕೊನೆಯ ವಾರ ಚೌರಪ್ಪ ತೀರಿಕೊಂಡ. ಅವನ ಕಡೆಯವರು ಯಾರೂ ಬರಲಿಲ್ಲ. ಗುರುಗಳು ಸಮಾಧಿಯ ಬಳಿ ಪ್ರಾರ್ಥನೆಯ ಪುಸ್ತಕವನ್ನು ಇನ್ನಾಸಪ್ಪನ ಕೈಗೆ ಕೊಟ್ಟರು.

ಅವನು ಪುಸ್ತಕ ಬಿಡಿಸಿದ. ತುಟಿ ಅಲುಗಿತು, ದನಿ ಹೊರಡಲಿಲ್ಲ. ನೆರೆದಿದ್ದ ನಾಲ್ಕೈದು ಜನ ಕಾದರು. ಕೊನೆಗೆ ಅವನು ಪುಸ್ತಕ ಮಡಚಿದ.

"ದೇವರೇ, ಚೌರಪ್ಪಣ್ಣನಿಗೆ ಎಡಗಿವಿ ಕೇಳಿಸುವುದಿಲ್ಲ. ಬಂಡೆ ಸಿಡಿಸುವಾಗ ಹೋದದ್ದು. ಕರೆಯುವಾಗ ಬಲಗಡೆಗೆ ಬಂದು ಕರೆ."

ಮುಂದೆ ಹೇಳಲಾಗದೆ ಅತ್ತುಬಿಟ್ಟ.

"ಆಮೆನ್" ಎಂದು ಗುರುಗಳು ಹಿಡಿ ಮಣ್ಣು ಹಾಕಿದರು.

ಹಿಂದಿರುಗುವ ದಾರಿಯಲ್ಲಿ ಇನ್ನಾಸಪ್ಪ, "ಪುಸ್ತಕದ ಪ್ರಾರ್ಥನೆ ಬಾಯಿಗೆ ಬರಲಿಲ್ಲ ಸ್ವಾಮಿ. ದೇವರಿಗೆ ಗೊತ್ತಿರುವುದನ್ನೇ ಹೇಳಿಬಿಟ್ಟೆ" ಎಂದ.

"ಆತನಿಗೆ ಗೊತ್ತಿತ್ತು" ಎಂದರು ಗುರುಗಳು. "ನಿನ್ನ ಬಾಯಿಂದ ಕೇಳಬೇಕೆಂದು ಕಾದಿದ್ದ."