ಹಗಲಲ್ಲಿ ಬಿಚ್ಚಿದ ತಾಳೆಗರಿ

ಕೆರೆಗೆ ವಿಷದ ಕಾಯಿಗಳು ಉದುರಿ ನೀರು ಕೆಟ್ಟಿತ್ತು. ಬಾಯಾರಿದ ಕಪ್ಪೆ ಮಂತ್ರವಾದಿ ಗೂಬೆಯನ್ನೂ ಪೂಜಾರಿ ಕೊಕ್ಕರೆಯನ್ನೂ ಕರೆತಂದು, "ನೀರು ಶುದ್ಧಮಾಡಿ ಕೊಡಿ" ಎಂದು ಅಂಗಲಾಚಿತು.

ಕೊಕ್ಕರೆ ತಲೆ ತಗ್ಗಿಸಿತು. "ಬೆಳಗಿನ ಸ್ನಾನದಲ್ಲಿ ಬೇಡಿಕೊಂಡ ಮಂತ್ರವಷ್ಟೇ ಆ ದಿನ ನನಗೆ ಫಲಿಸುತ್ತದೆ. ಇವತ್ತು ಮೀನು ಕರೆಯುವ ಮಂತ್ರವೊಂದನ್ನೇ ಬೇಡಿಕೊಂಡುಬಿಟ್ಟೆ."

ಗೂಬೆಗೆ ನಗು ತಡೆಯಲಾಗಲಿಲ್ಲ. "ಹೊಟ್ಟೆಬಾಕ! ನನಗೆ ಅಂಥ ಕಟ್ಟುಪಾಡಿಲ್ಲ. ತಾಳೆಗರಿಯಲ್ಲಿ ಬರೆದಿಟ್ಟಿದ್ದನ್ನು ಯಾವಾಗ ಬೇಕಾದರೂ ನೋಡಿ ಓದಬಲ್ಲೆ" ಎಂದು ಜಂಬದಿಂದ ಕಟ್ಟು ಬಿಚ್ಚಿತು. ಆದರೆ ಸೂರ್ಯ ನೆತ್ತಿಯ ಮೇಲಿದ್ದ. ಗೂಬೆಗೆ ಒಂದಕ್ಷರವೂ ಕಾಣಲಿಲ್ಲ. ಗರಿಯನ್ನು ಕಣ್ಣಿಗೆ ಒತ್ತಿಕೊಂಡಿತು, ತಿರುಗಿಸಿ ನೋಡಿತು, ಕೊನೆಗೆ ಸುಮ್ಮನೆ ಕೆಮ್ಮಿತು.

"ನಾನು ಓದಲೇ?" ಎಂದಿತು ಕೊಕ್ಕರೆ.

"ನೀನು ಓದಿದರೆ ಫಲಿಸದು. ಮಂತ್ರ ಗರಿಯಲ್ಲಿ ಬರೆದವನ ಬಾಯಿಂದಲೇ ಬರಬೇಕು."

"ಹಾಗಾದರೆ ನಾನು ಹೇಳಿಕೊಡುತ್ತೇನೆ, ನೀನು ಹೇಳು."

ಬೇರೆ ದಾರಿಯಿಲ್ಲದೆ ಗೂಬೆ ಕಣ್ಣು ಮುಚ್ಚಿ, ಆ ಹೊಟ್ಟೆಬಾಕ ಹೇಳಿಕೊಟ್ಟಂತೆ ಒಂದೊಂದೇ ಸಾಲು ಒಪ್ಪಿಸಿತು. ನೀರು ತಿಳಿಯಾಯಿತು. ಕಪ್ಪೆ ದುಡುಮ್ಮನೆ ಧುಮುಕಿತು.

ಮರುದಿನವೇ ಗೂಬೆ ಕೊಕ್ಕರೆಯ ಮರಕ್ಕೆ ಮನೆ ಬದಲಿಸಿತು. ಕೊಕ್ಕರೆಯ ಉಚ್ಚಾರ ತಿದ್ದುವುದಕ್ಕಂತೆ!