ತಂಡ ಒಯ್ದ ಅಡಿವೆಪ್ಪ ಸಾಹುಕಾರ

ಬಹಳ ಹಿಂದೆ, ಎರೆಮಣ್ಣಿನ ಸೀಮೆಯಲ್ಲಿ ಒಂದು ಊರಿತ್ತು. ಕಣ್ಣಾರೆ ಕಂಡವರು ಈಗಿಲ್ಲ, ಅವರಿಂದ ಕೇಳಿದವರೂ ಈಗಿಲ್ಲ, ಮಾತು ಮಾತ್ರ ಬಾಯಿಂದ ಬಾಯಿಗೆ ಬಂದು ಇಲ್ಲಿ ನಿಂತಿದೆ. ಊರಿನ ಹೆಸರು ಹೊನ್ನಗಟ್ಟಿ. ಹೆಸರಿನಲ್ಲಷ್ಟೇ ಹೊನ್ನು, ಹೊಲದಲ್ಲಿ ಹತ್ತಿ, ಜೋಳ. ಆ ಊರಿನವರಿಗೆ ಹುತುತು ಆಟವೆಂದರೆ ಊಟ ಬಿಟ್ಟು ಓಡುವಷ್ಟು ಹುಚ್ಚಂತೆ. ಒಂದೇ ಉಸಿರಿನಲ್ಲಿ ಹುತುತು ಎನ್ನುತ್ತ ಗೆರೆ ದಾಟಬೇಕು, ಆಚೆಯವರನ್ನು ಮುಟ್ಟಬೇಕು, ಉಸಿರು ಮುರಿಯುವ ಮುಂಚೆ ಹೊರಳಿ ಬರಬೇಕು. ಬಂದರೆ ಬದುಕಿದ, ಇಲ್ಲವಾದರೆ ಸತ್ತ. ಹಾಗೆನ್ನುವುದೇ ಆಟದ ಭಾಷೆ.

ಆ ಊರಿನಲ್ಲಿ ಗುರಪಾದ ಎಂಬ ಕಂಬಳಿ ನೇಯುವವನಿದ್ದ. ಅವನ ಉಸಿರಿನ ಬಗ್ಗೆ ಏನೇನೋ ಹೇಳುತ್ತಾರೆ. ಅವನು ಹುತುತು ಎಂದು ಹೊರಟಾಗ ಬೇವಿನ ಮರದಿಂದ ಹಾರಿದ ಕಾಗೆ ಕೆರೆಗೆ ಹೋಗಿ, ನೀರು ಕುಡಿದು, ತಿರುಗಿ ಅದೇ ಮರಕ್ಕೆ ಬರುತ್ತಿತ್ತಂತೆ. ಅಷ್ಟು ಹೊತ್ತೂ ಅವನ ದನಿ ಒಂದೇ ಸಮ ಇರುತ್ತಿತ್ತಂತೆ.

ಅದೇ ಊರಿನಲ್ಲಿ, ಅದೇ ವಯಸ್ಸಿನವನು ಅಡಿವೆಪ್ಪ. ಇವನಿಗೂ ಆಟದ ಹುಚ್ಚು. ಆದರೆ ಎದೆ ಸರಿಯಿರಲಿಲ್ಲ, ನಾಲ್ಕು ಹೆಜ್ಜೆ ಓಡಿದರೆ ಗೊರಗೊರ ಅನ್ನುತ್ತಿತ್ತು. ಒಂದು ಸುಗ್ಗಿಯಲ್ಲಿ ಹಟ ಮಾಡಿ ಕಣಕ್ಕೆ ಇಳಿದ. ಗೆರೆ ದಾಟಿದ ಮೂರನೆಯ ಹೆಜ್ಜೆಗೆ ಉಸಿರು ಮುರಿದು, ಕೆಮ್ಮುತ್ತ ಮಣ್ಣಿನಲ್ಲಿ ಮಂಡಿಯೂರಿದ. ಊರು ನಕ್ಕಿತು. ಗುರಪಾದನೂ ನಕ್ಕನಂತೆ. ಬೇಕೆಂದು ನಕ್ಕಿದ್ದಲ್ಲ, ಎಲ್ಲರೂ ನಗುತ್ತಿದ್ದರು, ಇವನಿಗೂ ಬಂತು. ಮಾರನೆಯ ದಿನ ಅಡಿವೆಪ್ಪ ಯಾರದೋ ಹತ್ತಿ ಗಾಡಿಯ ಹಿಂದೆ ನಡೆದು ಊರು ಬಿಟ್ಟ.

ಎಷ್ಟು ವರ್ಷ ಹೋದವೋ ಲೆಕ್ಕವಿಲ್ಲ. ತಿರುಗಿ ಬಂದಾಗ ಮುಂದೆ ಹತ್ತು ಗಾಡಿ, ಹಿಂದೆ ಹತ್ತು ಗಾಡಿ, ನಡುವೆ ಅವನು. ಎಲ್ಲರೂ ಸಾಹುಕಾರ್ರೇ ಎಂದರು. ಅವನು ಮನೆ ಕಟ್ಟಿಸಲಿಲ್ಲ, ಬಾವಿ ತೋಡಿಸಲಿಲ್ಲ. ಒಂದು ಗರಡಿ ಕಟ್ಟಿಸಿ, ಆಟಗಾರರಿಗೆ ಕೂಳು ಹಾಕಿ ಸಾಕುತ್ತೇನೆ ಎಂದ. ಅಲ್ಲಿಯ ತನಕ ಹುಡುಗರು ಹೊಲದ ಕೆಲಸ ಮುಗಿಸಿ ಬಂದು ಊರ ಹೆಸರಿನಲ್ಲಿ ಆಡುತ್ತಿದ್ದರು. ಇನ್ನು ಮುಂದೆ ಕೆಲಸವೇ ಆಟ. ಬೆಳಿಗ್ಗೆ ಹಾಲು, ಮಧ್ಯಾಹ್ನ ರೊಟ್ಟಿಯ ಮೇಲೆ ಅಂಗೈಯಗಲ ಬೆಣ್ಣೆ. ತಂಡದ ಏಳು ಜನರಲ್ಲಿ ನಾಲ್ವರು ಬೇರೆ ಬೇರೆ ಊರಿನಿಂದ ಕರೆಸಿದವರು, ಮೂವರು ಮಾತ್ರ ಊರಿನವರು. ಹಿರಿಯರು ಗೊಣಗಿದರು. ಗೆಲ್ಲತೊಡಗಿದ ಮೇಲೆ ಗೊಣಗುವುದೂ ನಿಂತಿತು.

ಕಲಿಸುವ ವಸ್ತಾದ ಯಾರು? ಗುರಪಾದನೇ. ಸಾಹುಕಾರ ತಾನೇ ಅವನ ಮಗ್ಗದ ಗುಂಡಿಯ ತನಕ ಬಂದು ವೀಳ್ಯ ಕೊಟ್ಟ.

ಏಳು ಸುಗ್ಗಿ ಗೆದ್ದರಂತೆ. ಹನ್ನೊಂದು ಎನ್ನುವವರೂ ಇದ್ದಾರೆ. ಸಾಹುಕಾರ ಕಣದ ಅಂಚಿನಲ್ಲಿ ಕುರ್ಚಿ ಹಾಕಿಸಿ ಕೂತು ಕೂಗುತ್ತಿದ್ದ. ಎಡಕ್ಕೆ ಹೋಗು, ಹಿಡಿ, ಬಿಡು, ಕಾಲು ಹಿಡಿ ಅಂತ. ಎಂದೂ ಒಂದು ಗುಕ್ಕು ಉಸಿರು ಹಿಡಿಯಲಾರದವನು ಆಡುವವರಿಗೆಲ್ಲ ಉಸಿರಿನ ಪಾಠ ಹೇಳುತ್ತಿದ್ದ. ಒಂದು ಆಟ ಸೋತರೆ ಸಾಕು, ವಸ್ತಾದನ ಚಪ್ಪಲಿಯನ್ನು ಗರಡಿಯ ಹೊರಗಿನ ಮೆಟ್ಟಿಲಿಗೆ ಇಡಿಸುತ್ತಿದ್ದ. ಅಂದರೆ ನೀನು ಬೇಡ ಎಂದು. ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಗುರಪಾದ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದು ಮಗ್ಗಕ್ಕೆ ಕೂರುತ್ತಿದ್ದ. ತಿಂಗಳೊಪ್ಪತ್ತು ಕಳೆದ ಮೇಲೆ ಸಾಹುಕಾರ ಬಂದು, ನೆಲದ ಮೇಲೆ ಕೂತು, ಕಣ್ಣೀರು ಹಾಕಿ, ಮತ್ತೆ ಕರೆದೊಯ್ಯುತ್ತಿದ್ದ. ಹೀಗೆ ಐದು ಸಲ ಎನ್ನುತ್ತಾರೆ. ಒಂಬತ್ತು ಸಲ ಎಂದೂ ಹೇಳುತ್ತಾರೆ.

ಗುರಪಾದನ ಹೆಂಡತಿ ಮಾಯವ್ವ ಒಂದು ದಿನ ಕೇಳಿದಳಂತೆ.

“ಆ ಮನಶ್ಯಾ ನಿಮ್ಮನ್ನ ಕರಿಯೂದು ಆಟ ಕಲಸಾಕ ಅಂತ ತಿಳದೀರೇನು? ಮತ್ತ ಹೊರಗ ಹಾಕಾಕ ಕರೀತಾನ.”

ಗುರಪಾದ ಉಣ್ಣೆ ಬಿಡಿಸುತ್ತಲೇ ಇದ್ದ. “ಹುಡುಗರ ಸಲವಾಗಿ ಹೋಗ್ತೀನಿ,” ಅಂದ.

ಅದು ಸುಳ್ಳಲ್ಲ. ಆ ಹುಡುಗರಲ್ಲಿ ಬೈಲಪ್ಪ ಎಂಬವನಿದ್ದ, ಹೊನ್ನಗಟ್ಟಿಯವನೇ, ತಂದೆ ತಾಯಿ ಇಲ್ಲದವನು. ಗುರಪಾದನ ಮನೆಯಲ್ಲೇ ಉಂಡು ಬೆಳೆದವನು. ಎಡಗಾಲು ಒಂದಿಷ್ಟು ಒಳಕ್ಕೆ ತಿರುಗಿತ್ತು. ಅದನ್ನೇ ಒಂದು ಪಟ್ಟು ಮಾಡಿಕೊಡಲು ಗುರಪಾದನಿಗೆ ಮೂರು ವರ್ಷ ಹಿಡಿಯಿತು. ಎದುರಿನವರು ಆ ಕಾಲು ಅತ್ತ ಹೋಗುತ್ತದೆ ಎಂದುಕೊಂಡರೆ ಅದು ಇತ್ತ ಬರುತ್ತಿತ್ತು. ಇವನಂಥ ಆಟಗಾರ ಆ ಸೀಮೆಯಲ್ಲಿ ಹುಟ್ಟಿರಲಿಲ್ಲ ಎನ್ನುತ್ತಾರೆ.

ಹೆಸರು ಹಬ್ಬಿತು. ಆಟ ನೋಡಲು ಹದಿನಾರು ಹಳ್ಳಿಯ ಬಂಡಿಗಳು ಬರತೊಡಗಿದವು. ಆಗ ಸಾಹುಕಾರ ಹಿರಿಯರನ್ನು ಕರೆದು ಹೇಳಿದ. ಜನಕ್ಕೆ ಕೂರಲು ಜಾಗವಿಲ್ಲ, ಸುತ್ತಲೂ ಕಲ್ಲಿನ ಮೆಟ್ಟಿಲಿರುವ ಕಣ ಬೇಕು, ಊರು ಕಟ್ಟಿಕೊಡಲಿ. ಹತ್ತಿ ವ್ಯಾಪಾರದ ಬಿಳೇಪೇಟೆಯವರು ತಂಡವನ್ನು ತಮ್ಮಲ್ಲಿಗೆ ದಿನಾ ಕರೆಯುತ್ತಿದ್ದಾರೆ, ನಾನೇ ಒಲ್ಲೆ ಅಂದಿದ್ದೇನೆ. ಅಷ್ಟು ಹೇಳಿ ಎದ್ದು ಹೋದ.

ಕಣಕ್ಕೆ ಜಾಗವೆಂದರೆ ದನ ಮೇಯುವ ಗೋಮಾಳ ಒಂದೇ. ಅದಕ್ಕೆ ಅಂಟಿಕೊಂಡಂತೆ ಬಾಳವ್ವ ಎಂಬ ಮುದುಕಿಯ ಹೊಲ, ಅದೂ ಬೇಕಾಗಿತ್ತು. ಅವಳಿಗಿದ್ದದ್ದು ಅದೊಂದೇ ತುಂಡು. ಹಿರಿಯರು ಹಿಂದೆಮುಂದೆ ನೋಡಿದರು. ದನ ಎಲ್ಲಿ ಹೋಗಬೇಕು, ಕಟ್ಟಿಸಿಕೊಂಡು ಆಮೇಲೆ ಹೋಗಿಬಿಟ್ಟರೆ ಗತಿ ಏನು ಅಂತ. ಆಗ ಗುರಪಾದ ಎದ್ದು ನಿಂತ. ಯಾರೂ ಅವನನ್ನು ಕೇಳಿರಲಿಲ್ಲ. ಸಾಹುಕಾರ ಹೋಗುವವನಲ್ಲ, ನಾನಿದ್ದೇನೆ, ಮಾತು ನನ್ನದು ಎಂದ. ಯಾಕೆ ಹಾಗೆಂದನೋ. ಹುಡುಗರ ಮೇಲಿನ ಆಸೆಯೋ, ಅಂದು ನಕ್ಕದ್ದರ ಭಾರವೋ, ಅವನಿಗೇ ತಿಳಿದಿರಲಿಕ್ಕಿಲ್ಲ.

ಬಾಳವ್ವ ಅವನನ್ನೇ ದಿಟ್ಟಿಸಿದಳು.

“ನಿನ್ನ ಮಾರಿ ನೋಡಿ ಕೊಡ್ತೀನಿ, ಗುರಪಾದ. ಆ ಸಾವ್ಕಾರನ ಮಾರಿ ನೋಡಿ ಅಲ್ಲ.”

ಎರಡು ವರ್ಷ ಕಟ್ಟಿದರು. ಮನೆಗೊಬ್ಬರು, ವಾರಕ್ಕೊಂದು ದಿನ. ಗುಡ್ಡದಿಂದ ಕಲ್ಲು ಎಳೆದು ಎತ್ತುಗಳ ಹೆಗಲು ಹುಣ್ಣಾದವು. ಬಸುರಿ ಹೆಂಗಸರೂ ಗಾರೆ ಹೊತ್ತರಂತೆ. ದನಗಳು ಮೇಯಲು ಹಳ್ಳದಾಚೆ ಹೋಗಿ, ಸಂಜೆ ಕೆಚ್ಚಲು ಒಣಗಿಸಿಕೊಂಡು ಬರುತ್ತಿದ್ದವು. ಆದರೂ ಕಣ ಎದ್ದಾಗ ಊರು ಹಿಗ್ಗಿತು. ಅಂಥ ಕಣ ಸುತ್ತ ಎಲ್ಲಿಯೂ ಇರಲಿಲ್ಲ. ಮೊದಲ ಸುಗ್ಗಿ ಗೆದ್ದರು. ಎರಡನೆಯ ಸುಗ್ಗಿಯೂ ಗೆದ್ದರು.

ಆಮೇಲೆ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ ಬಂತು. ಎಳ್ಳಮಾಸಿಯ ದಿನ ಊರಲ್ಲಿ ಯಾರಿರುತ್ತಾರೆ? ಸಜ್ಜಿ ರೊಟ್ಟಿ, ಪುಂಡಿ ಪಲ್ಯ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗಿರುತ್ತಾರೆ. ಗುರಪಾದನಿಗೆ ಹೊಲವಿರಲಿಲ್ಲ. ದಾರಿಬದಿಯ ಹೊಲದವರು ಕರೆದಿದ್ದರು, ಬನ್ನಿಗಿಡದ ಕೆಳಗೆ ಉಣ್ಣುತ್ತ ಕೂತಿದ್ದ. ಸೂರ್ಯ ನೆತ್ತಿಯ ಮೇಲಿದ್ದ. ಊರ ಕಡೆಯಿಂದ ಗಾಡಿಗಳು ಬಂದವು. ಗರಡಿಯ ಸಾಮಾನು, ಹಾಲಿನ ಹಂಡೆ, ಕುರ್ಚಿ. ಎರಡನೆಯ ಗಾಡಿಯಲ್ಲಿ ಏಳು ಜನ. ಬೈಲಪ್ಪ ತಲೆ ಎತ್ತಲಿಲ್ಲ.

ಸಾಹುಕಾರ ಗಾಡಿ ನಿಲ್ಲಿಸಿದ.

“ಹತ್ತು, ಗುರಪಾದ.”

“ಎಲ್ಲಿಗ್ರಿ?”

“ಬಿಳೇಪೇಟಿಗೆ. ಇದಕ್ಕಿಂತ ದೊಡ್ಡ ಕಣ ಕಟ್ಟತಾರಂತ. ಮ್ಯಾಲೆ ನೆರಳೂ ಹಾಕಿಸ್ತಾರಂತ.”

“ಮತ್ತ ಊರು ಕಟ್ಟಿದ್ದು?”

“ಅದು ಊರಾಗ ಇರ್ತದ. ನಾನೇನು ಕಲ್ಲು ಹೊತಗೊಂಡು ಹೊಂಟೀನೇನು?”

ಗುರಪಾದ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟ. “ನಾ ಮಾತು ಕೊಟ್ಟೀನಿ, ಸಾವ್ಕಾರ್ರ.”

“ನೀ ಕೊಟ್ಟಿ. ನಾ ಕೊಟ್ಟಿದ್ದಿಲ್ಲ.” ಸಾಹುಕಾರ ಸ್ವಲ್ಪ ಹೊತ್ತು ಗೊರಗುಟ್ಟುತ್ತ ಉಸಿರು ಎಳೆದುಕೊಂಡ. “ಈ ಊರು ನನ್ನ ನೋಡಿ ನಕ್ಕಿತ್ತು. ನೀನೂ ನಕ್ಕಿದ್ದಿ. ನಾ ಎಂದಾದ್ರೂ ಆ ಮಾತು ಎತ್ತಿದ್ನೇನು? ಹತ್ತು ಈಗ.”

ಗುರಪಾದ ಹತ್ತಲಿಲ್ಲ. ಗಾಡಿಗಳು ಹೋದವು. ಎಲ್ಲಾ ಹೊಲಗಳಿಂದ ಜನ ಎದ್ದು ನಿಂತು ನೋಡಿದರು, ಏನೆಂದು ತಿಳಿಯಲು ಅವರಿಗೆ ಸಂಜೆಯಾಯಿತು.

ಗುರಪಾದನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಮಾಯವ್ವ ಹೇಳುತ್ತಿದ್ದಳಂತೆ. ಕಂಬಳಿ ಬೇಕಾದವರು ಎರಡು ಹರದಾರಿ ನಡೆದು ಬೇರೆ ಊರಿನಿಂದ ತಂದರು. ಬಾವಿಯ ಹತ್ತಿರ ಮಾಯವ್ವ ಬಂದರೆ ಮಾತು ನಿಲ್ಲುತ್ತಿತ್ತು. ಬಾಳವ್ವ ತನ್ನ ಹೊಲವಿದ್ದ ಕಡೆಯ ಮೆಟ್ಟಿಲ ಮೇಲೆ ದಿನಾ ಹೋಗಿ ಕೂತು, ಹೊತ್ತು ಮುಳುಗಿದ ಮೇಲೆ ಎದ್ದು ಬರುತ್ತಿದ್ದಳು. ಕೂಲಿಗೆ ಹೋಗೋಣವೆಂದರೆ ಅವಳಿಗೆ ವಯಸ್ಸಾಗಿತ್ತು, ಕರೆಯುವವರು ಕಡಿಮೆ.

ಬಿಳೇಪೇಟೆಯವರು ಕಣ ಕಟ್ಟಲಿಲ್ಲ. ಇವತ್ತು ನಾಳೆ ಎನ್ನುತ್ತ ಮೂರು ವರ್ಷ ಕಳೆದರು. ಆ ಹೊತ್ತಿಗೆ ಪಡುವಣದ ಒಂದು ದೊಡ್ಡ ತಂಡ ಸಾಹುಕಾರನ ತಂಡಕ್ಕೆ ಸವಾಲು ಹಾಕಿತು. ಅಷ್ಟು ಜನ ಕೂರುವ ಕಣ ಸೀಮೆಯಲ್ಲಿ ಒಂದೇ. ಸಾಹುಕಾರ ಹೊನ್ನಗಟ್ಟಿಗೆ ಹೇಳಿ ಕಳಿಸಿದ, ಕಣ ಕೊಡಿ ಎಂದು. ನಾಚಿಕೆಯಿಲ್ಲದೆ ಕೇಳಿದ ಎನ್ನುತ್ತಾರೆ. ಹಿರಿಯರು ಹಲ್ಲು ಕಡಿದರು. ಬಾಳವ್ವ ಮೂಲೆಯಿಂದ ಒಂದೇ ಮಾತು ಆಡಿದಳಂತೆ: ಬರಲಿ.

ಆಟದ ದಿನ ಹೊನ್ನಗಟ್ಟಿಯಲ್ಲಿ ಒಬ್ಬರೂ ಮನೆಯಲ್ಲಿ ಉಳಿಯಲಿಲ್ಲ. ತೊಟ್ಟಿಲ ಕೂಸಿನಿಂದ ಹಿಡಿದು ಎಲ್ಲರೂ ಬಂದು, ತಾವೇ ಹೊತ್ತು ತಂದ ಕಲ್ಲುಗಳ ಮೇಲೆ ಕೂತರು. ಸಾಹುಕಾರ ನೋಡಿ ನಕ್ಕ. ಊರಿಗೆ ಇನ್ನೂ ನಾನು ಬೇಕು ಎಂದು ಪಕ್ಕದವನಿಗೆ ಹೇಳಿದನಂತೆ. ಬೈಲಪ್ಪ ಮೊದಲು ಹೊರಟ. ಅವನು ಹುತುತು ಎಂದು ಗೆರೆಯ ಮೇಲೆ ಕಾಲಿಟ್ಟಾಗ, ಬಾಳವ್ವ ಕೂತಲ್ಲೇ ಹೊರಳಿ ಕಣಕ್ಕೆ ಬೆನ್ನು ಹಾಕಿದಳು. ಅವಳ ಪಕ್ಕದವಳು ಹೊರಳಿದಳು. ಅವಳ ಪಕ್ಕದವನು. ಮೆಟ್ಟಿಲಿಂದ ಮೆಟ್ಟಿಲಿಗೆ ಸೀರೆಯ, ಧೋತರದ ಸರಬರ ಸದ್ದು ಹೋಯಿತು. ಅದು ನಿಂತಾಗ ಸುತ್ತಲೂ ಬರೀ ಬೆನ್ನು. ಹೊರಗಿನಿಂದ ಬಂದವರೂ ಕೂಗುವುದನ್ನು ಮರೆತರು. ಅಷ್ಟು ದೊಡ್ಡ ಕಣದಲ್ಲಿ ಒಬ್ಬ ಹುಡುಗನ ಹುತುತು ಮಾತ್ರ ಕೇಳುತ್ತಿತ್ತು.

ಒಂದು ಮುಖ ಮಾತ್ರ ಕಣದ ಕಡೆಗಿತ್ತು. ಗುರಪಾದನದು.

ಅವನೂ ಹೊರಳಬೇಕೆಂದೇ ಬಂದಿದ್ದನಂತೆ. ಆದರೆ ಬೈಲಪ್ಪನ ಎಡಗಾಲು ಸರಿಯಾಗಿ ಬೀಳುತ್ತಿರಲಿಲ್ಲ. ಮೂರು ವರ್ಷ ಯಾರೂ ಆ ಕಾಲನ್ನು ನೋಡಿ ತಿದ್ದಿರಲಿಲ್ಲ ಎಂದು ಗುರಪಾದನಿಗೆ ಒಂದೇ ಹೆಜ್ಜೆಗೆ ತಿಳಿಯಿತು. ಕಣ್ಣು ಕೀಳಲಾಗಲಿಲ್ಲ. ಬೈಲಪ್ಪ ನಡುಕಣದಲ್ಲಿ ಅವನನ್ನು ಕಂಡ. ಕಂಡವನು ಹಾಗೇ ನಿಂತ. ಯಾರೂ ಹಿಡಿದಿರಲಿಲ್ಲ, ಉಸಿರೂ ಮುಗಿದಿರಲಿಲ್ಲ. ಸುಮ್ಮನೆ ಬಾಯಿ ಮುಚ್ಚಿದ. ಸತ್ತ ಎಂದು ಕೂಗಿದರು. ಅವನ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಸತ್ತರು. ಸಾಹುಕಾರ ಕುರ್ಚಿಯಿಂದೆದ್ದು ಕೂಗಿದ, ಕೂಗಿ ಕೂಗಿ ಕೆಮ್ಮು ಹತ್ತಿ ಕೂತ. ಊರು ತಿರುಗಿ ನೋಡಲಿಲ್ಲ.

ಎಲ್ಲ ಮುಗಿದು ಜನ ಇಳಿಯುವಾಗ ಬಾಳವ್ವ ಗುರಪಾದನ ಎದುರು ನಿಂತಳು. ಮೂರು ವರ್ಷದಲ್ಲಿ ಮೊದಲ ಸಲ ಮಾತಾಡಿದಳು.

“ನೀ ನೋಡಿದಿ.”

“ಅಲ್ಲಿ ನನ್ನ ಹುಡುಗ ಇದ್ದ, ಯವ್ವಾ.”

“ಅಲ್ಲಿ ನನ್ನ ಹೊಲ ಇತ್ತು,” ಎಂದು ಹೇಳಿ ಅವಳು ಇಳಿದು ಹೋದಳು. ಆಮೇಲೆ ಅವಳು ಸಾಯುವ ತನಕ ಅವನೊಂದಿಗೆ ಮಾತಾಡಲಿಲ್ಲ. ಅವಳು ಸತ್ತಾಗ ಗುರಪಾದ ಹೊದಿಸಲೆಂದು ಒಯ್ದ ಕಂಬಳಿಯನ್ನು ಅವಳ ಕಡೆಯವರು ಹೊದಿಸಲಿಲ್ಲ.

ಬಿಳೇಪೇಟೆಯವರಿಗೆ ಸೋಲುವ ಸಾಹುಕಾರ ಬೇಡವಾದ. ಆಟಗಾರರು ತಮ್ಮ ತಮ್ಮ ಊರಿಗೆ ಹೋದರು. ಬೈಲಪ್ಪ ಎಲ್ಲಿಗೆ ಹೋದನೋ, ಹೊನ್ನಗಟ್ಟಿಗಂತೂ ಬರಲಿಲ್ಲ. ಅಡಿವೆಪ್ಪ ಕೊನೆಯ ಸಲ ಗುರಪಾದನ ಮನೆಗೆ ನಡೆದುಕೊಂಡೇ ಬಂದನಂತೆ. ಗಾಡಿ ಇಲ್ಲ, ಆಳಿಲ್ಲ. ಹೊಸ ತಂಡ ಕಟ್ಟೋಣ ನಡಿ ಎಂದನಂತೆ. ಗುರಪಾದ ಮಗ್ಗದಿಂದ ತಲೆ ಎತ್ತಲಿಲ್ಲ, ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಲಾಳಿಯ ಸದ್ದಿನ ನಡುವೆ ಹೊಸ್ತಿಲಾಚೆಯ ಗೊರಗೊರ ಉಸಿರು ಮಧ್ಯಾಹ್ನದ ತನಕ ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ. ಹಳ್ಳ ದಾಟುವ ಮುಂಚೆಯೇ ದಾರಿಯಲ್ಲಿ ಬಿದ್ದು ಸತ್ತ ಎನ್ನುತ್ತಾರೆ. ಬಿಳೇಪೇಟೆಯ ಹತ್ತಿ ಕೋಠಿಯಲ್ಲಿ ಬಹಳ ದಿನ ಬದುಕಿದ್ದ ಎಂದೂ ಹೇಳುತ್ತಾರೆ. ನೀರು ಕೊಡಬೇಕಿತ್ತು ಎಂದು ಗುರಪಾದ ಒಂದು ಸಲ ಹೆಂಡತಿಯ ಹತ್ತಿರ ಅಂದನಂತೆ.

ಆ ಕಣ ಇಂದಿಗೂ ಇದೆ. ಸುಗ್ಗಿಯಲ್ಲಿ ಊರೂರಿನ ಹುಡುಗರು ಬಂದು ಆಡುತ್ತಾರೆ. ಬೇರೆ ಊರಿನಲ್ಲಿ ಹುಟ್ಟಿದವನನ್ನು ಹೊನ್ನಗಟ್ಟಿಯ ತಂಡಕ್ಕೆ ಸೇರಿಸುವಂತಿಲ್ಲ. ಆ ಊರಿನಲ್ಲಿ ಯಾವ ಕೂಸಿಗೂ ಅಡಿವೆಪ್ಪ ಎಂದು ಹೆಸರಿಡುವುದಿಲ್ಲ. ಮೊದಲ ಹುಡುಗ ಹುತುತು ಎಂದು ಗೆರೆ ದಾಟುವಾಗ ಹೊನ್ನಗಟ್ಟಿಯವರೆಲ್ಲ ಹೊರಳಿ ಕಣಕ್ಕೆ ಬೆನ್ನು ಹಾಕಿ ಕೂರುತ್ತಾರೆ, ಅವನು ಬದುಕಿ ಬಂದನೋ ಸತ್ತನೋ ಎಂದು ತೀರ್ಮಾನವಾದ ಮೇಲೆಯೇ ತಿರುಗುತ್ತಾರೆ. ಯಾಕೆಂದು ಮಕ್ಕಳನ್ನು ಕೇಳಿದರೆ, ಹಾಗೇ ಮಾಡಬೇಕು ಎನ್ನುತ್ತವೆ.

ಕಂಬಳಿಯವರ ಮನೆಯವರು ಮಾತ್ರ ಹೊರಳುವುದಿಲ್ಲ. ಈಗ ಆ ಮನೆಯಲ್ಲಿ ಉಳಿದವಳು ಒಬ್ಬಳೇ ಹೆಂಗಸು. ಪ್ರತಿ ಸುಗ್ಗಿಗೂ ಬರುತ್ತಾಳೆ, ಕಣದ ಕಡೆ ಮುಖಮಾಡಿ ಕೂತು, ಆ ಹುಡುಗನ ಹೆಜ್ಜೆ ಹೆಜ್ಜೆಯನ್ನೂ ನೋಡುತ್ತಾಳೆ. ಅವಳ ಅಕ್ಕಪಕ್ಕದ ಕಲ್ಲಿನ ಮೇಲೆ ಯಾರೂ ಕೂರುವುದಿಲ್ಲ. ಕೂರಬೇಡಿ ಎಂದು ಯಾರೂ ಹೇಳಿಯೂ ಇಲ್ಲ.