ಅಕ್ಕಿಕಾಳಿನ ಹೊಲಿಗೆ

“ತಾಯಿ, ತಪ್ಪನ್ನು ಕಣ್ಣಾರೆ ಕಂಡೂ ಸುಮ್ಮನಿರುವುದು ಹೇಗೆ?” ಎಂದು ಮಹಾನಂದಾ ಕೇಳಿದಳು.

ಮಹಾನಂದಾ ಆಶ್ರಮದಲ್ಲಿ ಸಂಜೆಯ ಭಜನೆ ಕಲಿಸುವವಳು. ಸಂಗೀತದ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದವಳು. ಗುರುತಾಯಿ ಜೋಳ ಹಸನು ಮಾಡುತ್ತಿದ್ದರು. ಮೊರದಿಂದ ಕಣ್ಣು ಎತ್ತಲಿಲ್ಲ.

“ಈ ತಿಂಗಳಲ್ಲಿ ಇದನ್ನು ಮೂರನೆಯ ಸಲ ಕೇಳುತ್ತಿದ್ದೀಯೆ. ಎರಡು ಸಲ ಉತ್ತರ ಹೇಳಿದ್ದೇನೆ.”

“ಹೇಳಿದ್ದೀರಿ. ಆದರೆ ಅವರು ಇನ್ನೂ ತಪ್ಪಾಗಿಯೇ ಹಾಡುತ್ತಿದ್ದಾರೆ. ಒಂದು ಸಾಲು ಮುಗಿಯುವಷ್ಟರಲ್ಲಿ ನಾಲ್ಕು ಕಡೆ ಶ್ರುತಿ ಬಿಡುತ್ತಾರೆ. ನಿಲ್ಲಿಸಿ ಹೇಳಿಕೊಟ್ಟರೆ ಮುಖ ಗಂಟು ಹಾಕುತ್ತಾರೆ. ಮೊದಲು ಹತ್ತೊಂಬತ್ತು ಹೆಂಗಸರು ಬರುತ್ತಿದ್ದರು. ನಿನ್ನೆ ನಾಲ್ವರು ಬಂದರು. ತಿದ್ದಿದ್ದೇ ನನ್ನ ತಪ್ಪೇ?”

ಗುರುತಾಯಿ ಮೊರವನ್ನು ಕೆಳಗಿಟ್ಟರು.

“ಓದದವರಿಗೆ ಒಂದು ಮಾತು ಸಾಕಾಗುತ್ತದೆ. ನೀನು ಓದಿದವಳು, ಕತೆಯನ್ನೇ ಹೇಳಬೇಕು. ಕುಳಿತುಕೋ.”

ಮಹಾನಂದಾ ಕುಳಿತಳು. ಗುರುತಾಯಿ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಗೃಹಿಣಿ ಇದ್ದಳು. ಆ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು. ಅದನ್ನು ಅವಳು ಮರೆತಿರಲಿಲ್ಲ, ಬೇರೆಯವರನ್ನೂ ಮರೆಯಗೊಟ್ಟಿರಲಿಲ್ಲ.

ಅವಳ ಬಳಿ ಒಂದು ಪುಸ್ತಕವಿತ್ತು. ಮನೆಯಲ್ಲಿ ಹಳೆಯದಾದ ಪ್ರತಿಯೊಂದು ಬಟ್ಟೆಯೂ ಅದರಲ್ಲಿ ಸೇರುತ್ತಿತ್ತು. ಯಾರು ಉಟ್ಟದ್ದು, ಎಷ್ಟು ವರ್ಷ ಉಟ್ಟದ್ದು, ಎಲ್ಲಿ ಹರಿಯಿತು, ಯಾವ ಕೌದಿಗೆ ಹೋಯಿತು, ಆ ಕೌದಿಯನ್ನು ಯಾರು ಹೊದ್ದರು. ಎಲ್ಲಕ್ಕೂ ಒಂದೊಂದು ಕಾಲಂ. “ಬರೆಯದೆ ಇಟ್ಟದ್ದು ಕಳೆದ ಹಾಗೆ” ಎನ್ನುತ್ತಿದ್ದಳು. ಅವಳು ಮಾಡಿಸಿದ ಕೌದಿಗಳು ಮೂವತ್ತೊಂದು. ಒಂದರಲ್ಲಿಯೂ ಸೊಟ್ಟ ಹೊಲಿಗೆ ಇರಲಿಲ್ಲ. ಪ್ರತಿ ಹೊಲಿಗೆ ಒಂದು ಅಕ್ಕಿಕಾಳಿನಷ್ಟು ಉದ್ದ. ಎರಡು ಹೊಲಿಗೆಯ ನಡುವಿನ ಜಾಗವೂ ಒಂದು ಅಕ್ಕಿಕಾಳಿನಷ್ಟು. ಊರಿನವರು ಇದನ್ನು ಒಪ್ಪುತ್ತಿದ್ದರು. ಒಪ್ಪದೆ ಬೇರೆ ಉಪಾಯವೂ ಇರಲಿಲ್ಲ.

ಅವಳ ಸೊಸೆ ಬಸುರಿಯಾದಳು.

ಆ ಸೊಸೆಗೆ ತಾಯಿ ಇರಲಿಲ್ಲ. ಆ ಸೀಮೆಯಲ್ಲಿ ಚೊಚ್ಚಲ ಕೂಸಿನ ಕೌದಿ ತವರಿನಿಂದ ಬರಬೇಕು. ಕೂಸಿನ ತಾಯಿಯ ತಾಯಿ ಉಟ್ಟು ಹಳತಾದ ಸೀರೆ ಅದರಲ್ಲಿ ಇರಬೇಕು. ತವರಿನಲ್ಲಿ ಕೌದಿ ಹೊಲಿಯುವವರು ಯಾರೂ ಉಳಿದಿರಲಿಲ್ಲ. ಒಂದು ದಿನ ಸೊಸೆ ತನ್ನ ಟ್ರಂಕಿನಿಂದ ಒಂದು ಇಳಕಲ್ ಸೀರೆ ತೆಗೆದುಕೊಂಡು ಅತ್ತೆಯ ಮುಂದೆ ಬಂದು ನಿಂತಳು.

“ಅತ್ತೇರ, ಇದು ನಮ್ಮವ್ವಂದು. ಇದೊಂದ ಉಳದೈತಿ. ಕೂಸಿನ ಕೌದಿಗೆ ಹಾಕತೀರೇನ್ರಿ? ಇದರ ಮ್ಯಾಲಿನ ಹೊಲಿಗಿ ನಾನ ಹಾಕತೇನಿ.”

“ಹಾಕೋಣು,” ಎಂದಳು ಅತ್ತೆ. “ನಟ್ಟ ನಡುವ ಹಾಕೋಣು. ನಿಮ್ಮವ್ವನ ಸೀರಿ ಕೂಸಿನ ಎದಿ ಮ್ಯಾಲೆ ಬರಬೇಕು.”

ಅವಳು ಕೆಟ್ಟವಳಲ್ಲ. ಇದನ್ನು ನೆನಪಿನಲ್ಲಿಡು, ಕತೆ ಮುಗಿದ ಮೇಲೆ ಬೇಕಾಗುತ್ತದೆ.

ಅಂದೇ ಪುಸ್ತಕದಲ್ಲಿ ಬರೆದಳು: ‘ನಡುವಿನ ತುಂಡು. ಸೊಸೆಯ ತಾಯಿಯ ಸೀರೆ. ಇಳಕಲ್, ಕೆಂಪು ಸೆರಗು. ಇಪ್ಪತ್ತೆರಡು ವರ್ಷ ಉಟ್ಟದ್ದು. ಬಟ್ಟೆ ಬಹಳ ಸವೆದಿದೆ.’ ಕೊನೆಯ ವಾಕ್ಯದ ಕೆಳಗೆ ಗೆರೆಯನ್ನೂ ಎಳೆದಳು.

ಏಳನೆಯ ತಿಂಗಳಲ್ಲಿ ಸೀಮಂತದ ಕುಬಸ ಮಾಡಿ, ಸೊಸೆಯನ್ನು ಬಾಣಂತನಕ್ಕೆ ಅವಳ ಅಕ್ಕನ ಮನೆಗೆ ಕಳಿಸಬೇಕಿತ್ತು. ಕೌದಿ ಅವಳ ಜೊತೆಯಲ್ಲಿ ಹೋಗಬೇಕಿತ್ತು. ಕುಬಸಕ್ಕೆ ನಲವತ್ತು ದಿನ ಉಳಿದಿತ್ತು. ಒಂದು ಕೂಸಿನ ಕೌದಿಗೆ ನಲವತ್ತು ದಿನ ಹೆಚ್ಚೇ ಆಯಿತು.

ಅತ್ತೆ ನೆರೆಮನೆಯ ಐವರು ಹೆಂಗಸರನ್ನು ಕರೆದಳು. ಪಡಸಾಲೆಯಲ್ಲಿ ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿದರು. ಸುತ್ತಲೂ ಕುಳಿತರು. ಅಂಚಿನಿಂದ ಹಿಡಿದು ಸುತ್ತು ಸುತ್ತಾಗಿ ಒಳಕ್ಕೆ ಹೊಲಿಯುತ್ತ ಹೋಗಬೇಕು, ಕೊನೆಗೆ ನಡುವಿಗೆ ಬರಬೇಕು. ಕೌದಿಯ ಕ್ರಮವೇ ಅದು.

ಎಲ್ಲರ ಸೂಜಿಯೂ ಬಲದಿಂದ ಎಡಕ್ಕೆ ಸಾಗಿತು. ಸೊಸೆಯ ಸೂಜಿ ಎಡದಿಂದ ಬಲಕ್ಕೆ ಸಾಗಿತು. ಅವಳು ಎಡಚಿ. ಅವಳ ಬಲಗಡೆಗೆ ಕುಳಿತವಳ ಸಾಲಿಗೂ ಅವಳ ಸಾಲಿಗೂ ಮೂಲೆಯಲ್ಲಿ ಡಿಕ್ಕಿಯಾಯಿತು. ಅವಳ ಎಡಗಡೆಯ ಮೂಲೆ ಖಾಲಿ ಉಳಿಯಿತು. ಅತ್ತೆ ಕನ್ನಡಕ ಸರಿಪಡಿಸಿಕೊಂಡು ನೋಡಿದಳು.

“ನಾವೆಲ್ಲಾರೂ ಒಂದ ಕಡೆ ಹೊಂಟ್ರ ನೀ ಒಬ್ಬಾಕಿ ಎದುರು ಬರತೀಯಲ್ಲ?”

“ಏನ ಮಾಡ್ಲಿರಿ ಅತ್ತೇರ, ಕೈಯ ಹಂಗೈತಿ. ಎದುರು ಬಂದ್ರ ಮಾತಾಡಾಕರ ಬರತೈತಿ.”

ಬಲಗಡೆಯವಳು ಸೊಸೆಯ ಸಾಲನ್ನು ಬೆರಳಿನಿಂದ ಸವರಿದಳು. “ಅಕ್ಕಿಕಾಳು ಹಾಕು ಅಂದ್ರ ಹುಣಸಿಬೀಜ ಹಾಕ್ಯಾಳ ನೋಡ್ರಿ ನಿಮ್ಮ ಸೊಸಿ. ಇರ್ಲಿ ಬಿಡ್ರಿ, ಕೂಸೇನ ಎಣಸೂದಿಲ್ಲ.”

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ.

ಮರುದಿನ ಬೆಳಿಗ್ಗೆ ಹೆಂಗಸರು ಬರುವ ಮುಂಚೆ ಅವಳು ಒಬ್ಬಳೇ ಕೌದಿಯ ಮುಂದೆ ಕುಳಿತಳು. ಸೂಜಿಯ ಮೊನೆಯಿಂದ ಸೊಸೆಯ ಸಾಲನ್ನು ಬಿಚ್ಚಿದಳು. ಬಿಚ್ಚುವಾಗ ಪಕ್ಕದ ಸಾಲು ಕಣ್ಣಿಗೆ ಬಿತ್ತು. ಅದೂ ಅಕ್ಕಿಕಾಳಿಗಿಂತ ತುಸು ಉದ್ದವಿತ್ತು. ಅದನ್ನೂ ಬಿಚ್ಚಿದಳು. ಒಮ್ಮೆ ಬಿಚ್ಚಲು ಕುಳಿತವರಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ. ಪುಸ್ತಕದಲ್ಲಿ ಒಂದು ಹೊಸ ಕಾಲಂ ಹಾಕಿ, ಯಾರ ಸಾಲು, ಎಷ್ಟು ಗೇಣು, ಯಾಕೆ ಬಿಚ್ಚಿದ್ದು ಎಂದು ಬರೆದಳು.

ಹೆಂಗಸರು ಬಂದರು. ಕೌದಿಯನ್ನು ನೋಡಿದರು. ಒಬ್ಬರ ಮುಖ ಒಬ್ಬರು ನೋಡಿದರು.

“ನಿನ್ನೆ ನಾವು ಬಂದಿದ್ವೋ ಇಲ್ಲೋ?” ಎಂದು ಒಬ್ಬಳು ಕೇಳಿದಳು.

ಹೀಗೆ ಹದಿನೈದು ದಿನ ನಡೆಯಿತು. ಹಗಲು ಹೊಲಿಯುವುದು, ಬೆಳಿಗ್ಗೆ ಬಿಚ್ಚುವುದು. ಒಬ್ಬಳಿಗೆ ಬೀಗರು ಬಂದರು. ಒಬ್ಬಳಿಗೆ ಕಣ್ಣು ನೋವು ಬಂತು. ಒಬ್ಬಳು ಹಪ್ಪಳ ಹಾಕಬೇಕು ಎಂದಳು. ಅದು ಹಪ್ಪಳದ ಕಾಲವಲ್ಲ. ಇಬ್ಬರು ಕಾರಣವನ್ನೂ ಹೇಳಲಿಲ್ಲ. ಐದು ಕಾರಣಗಳೂ ಪುಸ್ತಕದಲ್ಲಿವೆ. ಹೇಳದೆ ಹೋದವರ ಮುಂದೆ ‘ಅಸಡ್ಡೆ’ ಎಂದು ಬರೆದಿದೆ. ಅತ್ತೆ ತಾನು ಒಬ್ಬಳೇ ಕುಳಿತು ಹೊರಗಿನ ಸುತ್ತುಗಳನ್ನೆಲ್ಲ ಮುಗಿಸಿದಳು. ಒಂದೊಂದು ಹೊಲಿಗೆಯೂ ಅಕ್ಕಿಕಾಳು. ನಡುವಿನ ತುಂಡು ಮಾತ್ರ ಉಳಿಯಿತು. ಕೊಟ್ಟ ಮಾತಿನಂತೆ ಅದು ಸೊಸೆಯ ಪಾಲು. ಬೇರೆ ಹೆಂಗಸರ ಹಾಗೆ ಬಾರದೆ ಇರಲು ಸೊಸೆಗೆ ಆಗುವಂತಿರಲಿಲ್ಲ. ಅವಳಿದ್ದದ್ದೇ ಆ ಮನೆಯಲ್ಲಿ.

ಈಗ ಅತ್ತೆಯ ಬೇಸರವನ್ನೂ ಸ್ವಲ್ಪ ಕೇಳು, ನಿನಗೆ ಅರ್ಥವಾಗುತ್ತದೆ. ಅವಳು ಏನು ಮಾಡಲಿಲ್ಲ ಹೇಳು? ಸುಣ್ಣದ ಬಳಪದಿಂದ ಗೆರೆ ಎಳೆದುಕೊಟ್ಟಳು. ಸೊಸೆ ಗೆರೆ ಬಿಟ್ಟು ಹೊಲಿದಳು. ಬಟ್ಟೆಯ ಮೇಲೆ ಅಕ್ಕಿಕಾಳುಗಳನ್ನು ಸಾಲಾಗಿ ಇಟ್ಟು ತೋರಿಸಿದಳು. ಸೊಸೆ ತಲೆಯಾಡಿಸಿದಳು, ಅಕ್ಕಿಯನ್ನು ಒಟ್ಟುಗೂಡಿಸಿ ಡಬ್ಬಿಗೆ ಹಾಕಿದಳು, ಮತ್ತೆ ಹುಣಸಿಬೀಜವನ್ನೇ ಹೊಲಿದಳು. ಬಲಗೈಯಲ್ಲಿ ಹೊಲಿ ಎಂದಳು. ಸೊಸೆ ಎರಡು ದಿನ ಬಲಗೈಯಲ್ಲಿ ಹೊಲಿದಳು. ಆ ಸಾಲು ಹೊಲದಲ್ಲಿ ದಾರಿ ತಪ್ಪಿದ ಕುರಿಯ ಹಾಗೆ ಅಲೆಯಿತು. ಸೂಜಿ ಬೆರಳಿಗೆ ಚುಚ್ಚಿ, ಸೀರೆಯ ಮೇಲೆ ಸಾಸಿವೆಯಷ್ಟು ರಕ್ತದ ಕಲೆಯೂ ಆಯಿತು. ತಿಳಿದವರಿಗೆ ತಾವು ತಿಳಿಸಿದ್ದು ಹತ್ತದಿದ್ದಾಗ ಆಗುವ ಸಂಕಟ ಸಣ್ಣದಲ್ಲ. ಅತ್ತೆಗೆ ಊಟ ರುಚಿಸಲಿಲ್ಲ. ಇಷ್ಟು ಸುಲಭದ ಕೆಲಸ ಇವಳಿಗೆ ಯಾಕೆ ಬರುವುದಿಲ್ಲ ಎಂದು ರೊಟ್ಟಿ ತಟ್ಟುವಾಗಲೂ ಯೋಚಿಸಿದಳು.

“ಕಣ್ಣ ಬಿಟ್ಟ ಹೊಲಿತೀಯೇನ?” ಎಂದು ಒಂದು ದಿನ ಕೇಳಿಯೇಬಿಟ್ಟಳು.

“ಕಣ್ಣ ಬಿಟ್ಟ ಹೊಲಿತೇನ್ರಿ,” ಎಂದಳು ಸೊಸೆ. “ಅವ್ವನ ನೆನಪಾದಾಗ ಒಂದೀಟ ಮುಚ್ಚತೇನಿ.”

ಅತ್ತೆ ಮರುದಿನ ಬೆಳಿಗ್ಗೆ ಆ ಸಾಲನ್ನೂ ಬಿಚ್ಚಿದಳು.

ಏಳು ಸಲ ಸೊಸೆ ಹೊಲಿದಳು. ಏಳು ಸಲ ಅತ್ತೆ ಬಿಚ್ಚಿದಳು. ಪ್ರತಿ ಸಲವೂ ತಾರೀಖು ಬರೆದಳು.

ಕುಬಸಕ್ಕೆ ಮೂರು ದಿನ ಇತ್ತು. ಸೊಸೆ ಎಂಟನೆಯ ಸಲ ಸೂಜಿ ಹಿಡಿದು ಕುಳಿತಳು. ಸೂಜಿ ಚುಚ್ಚಿ ದಾರ ಎಳೆದಳು. ಬಟ್ಟೆ ದಾರದ ಜೊತೆಯಲ್ಲಿಯೇ ಬಂತು. ಪಕ್ಕದಲ್ಲಿ ಚುಚ್ಚಿದಳು. ಅಲ್ಲಿಯೂ ಬಂತು. ಅಂಗೈಯಿಂದ ಬಟ್ಟೆಯನ್ನು ಮೆಲ್ಲಗೆ ಒತ್ತಿದಳು. ಸೀರೆ ಈ ಕಡೆಯಿಂದ ಆ ಕಡೆಯವರೆಗೆ ಬಿಟ್ಟುಕೊಂಡಿತು, ಒಣಗಿದ ಈರುಳ್ಳಿಯ ಸಿಪ್ಪೆಯ ಹಾಗೆ.

ಸೊಸೆ ಕೂಗಲಿಲ್ಲ. ಅತ್ತೆಯನ್ನು ಕರೆದು ತೋರಿಸಿದಳು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿದಳು.

“ಎಳಿ ಜಗ್ಗಿ ಎಳದಿ ಕಾಣತೈತಿ ನೀ.”

ಸೊಸೆ ಸೂಜಿಯನ್ನು ಡಬ್ಬಿಗೆ ಹಾಕಿದಳು. ಆಮೇಲೆ ಕೇಳಿದಳು: “ಬುಕ್ಕಿನ್ಯಾಗ ಏನಂತ ಬರೀತೀರಿ ಅತ್ತೇರ?”

ಅದು ಕುಚೋದ್ಯವೋ ಪ್ರಶ್ನೆಯೋ ಅತ್ತೆಗೆ ತಿಳಿಯಲಿಲ್ಲ. ಅವಳು ಪುಸ್ತಕ ತಂದಳು. ಹರಿದ ಬಟ್ಟೆಯ ಮುಂದೆ, ಯಾರ ಹೊಲಿಗೆಯಿಂದ ಹರಿಯಿತು ಎಂದು ಬರೆಯುವುದು ಅವಳ ಪದ್ಧತಿ. ಬರೆಯುವ ಮುನ್ನ ಪರೀಕ್ಷಿಸುವುದೂ ಪದ್ಧತಿ. ಬಗ್ಗಿ ನೋಡಿದಳು. ಆ ಸೀರೆಯಲ್ಲಿ ಯಾರ ಹೊಲಿಗೆಯೂ ಇರಲಿಲ್ಲ. ಒಂದೂ ಇರಲಿಲ್ಲ. ಇದ್ದದ್ದು ತೂತುಗಳು, ಸಾಲು ಸಾಲಾಗಿ, ಏಳು ಸಾಲು. ಹಿಂದಿನ ಪುಟ ತಿರುವಿದಳು. ‘ಬಟ್ಟೆ ಬಹಳ ಸವೆದಿದೆ.’ ಅವಳದೇ ಅಕ್ಷರ. ಕೆಳಗೆ ಅವಳೇ ಎಳೆದ ಗೆರೆ. ಮೂವತ್ತೇಳು ದಿನದಲ್ಲಿ ಆ ಪುಟವನ್ನು ಅವಳು ಒಮ್ಮೆಯೂ ಓದಿರಲಿಲ್ಲ. ಬರೆಯುವುದರಲ್ಲಿಯೇ ಇದ್ದಳು.

ಹೊಸ ಬಟ್ಟೆಯಾದರೆ ಏಳು ಸಲ ತಾಳುತ್ತದೆ. ಉಟ್ಟು ಸವೆದ ಬಟ್ಟೆ ಎಂಥ ಹೊಲಿಗೆಯನ್ನಾದರೂ ಹಿಡಿದುಕೊಳ್ಳುತ್ತದೆ, ಬಿಚ್ಚುವುದನ್ನು ತಾಳುವುದಿಲ್ಲ. ಕೌದಿ ಮಾಡುವುದು ಉಟ್ಟು ಸವೆದ ಬಟ್ಟೆಯಿಂದಲೇ ಅಲ್ಲವೇ? ಮೂವತ್ತೊಂದು ಕೌದಿ ಮಾಡಿಸಿದವಳಿಗೆ ಇದು ತಿಳಿಯದೆ ಇರಲಿಲ್ಲ.

ಉಳಿದ ಮೂರು ದಿನದಲ್ಲಿ ಅತ್ತೆ ಆ ತುಂಡನ್ನು ತೆಗೆದಳು. ತನ್ನ ಒಳ್ಳೆಯ ಸೀರೆಯೊಂದನ್ನು ಕತ್ತರಿಸಿ ಅಲ್ಲಿ ಹಾಕಿದಳು. ತಾನೇ ಹೊಲಿದಳು. ಕೌದಿ ಮುಗಿಯಿತು. ಅಂಥ ಕೌದಿ ಆ ಊರಿನಲ್ಲಿ ಮತ್ತೊಂದಿಲ್ಲ.

ಕುಬಸದ ಮರುದಿನ ಸೊಸೆ ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದಳು. ಹರಿದ ಸೀರೆಯ ಚೂರುಗಳನ್ನು ಒಂದು ಕರವಸ್ತ್ರದಲ್ಲಿ ಕಟ್ಟಿಕೊಂಡು ಅಕ್ಕನ ಮನೆಗೆ ಹೋದಳು. ಕೌದಿ ಮಂಚದ ಮೇಲೆ ಇತ್ತು. ನಾಲ್ಕು ಮೂಲೆಗಳನ್ನೂ ಸರಿಯಾಗಿ ಕೂಡಿಸಿ ಮಡಿಚಿದ್ದಳು. ಮರೆತು ಹೋದದ್ದಲ್ಲ ಎಂದು ಅತ್ತೆಗೆ ಗೊತ್ತಾಗಲಿ ಎಂದೇ ಅಷ್ಟು ಚೆಂದ ಮಡಿಚಿದ್ದಳು.

ಪುಸ್ತಕದಲ್ಲಿ ಮೂವತ್ತೆರಡನೆಯ ಕೌದಿಯ ಎಲ್ಲ ಕಾಲಂಗಳೂ ತುಂಬಿವೆ. ಯಾರು ಹೊದ್ದರು ಎಂಬುದೊಂದು ಖಾಲಿ ಇದೆ.

ಗುರುತಾಯಿ ಕತೆ ನಿಲ್ಲಿಸಿ ಮೊರವನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡರು. ಒಂದು ಕಲ್ಲು ಹೆಕ್ಕಿ ಹೊರಗೆ ಎಸೆದರು.

ಮಹಾನಂದಾ ಆಮೇಲೆ ಕೇಳಿದಳು: “ಆದರೂ ತಾಯಿ, ಸೊಸೆಯ ಹೊಲಿಗೆ ಸೊಟ್ಟಗಿದ್ದದ್ದು ನಿಜವಲ್ಲವೇ?”

ಗುರುತಾಯಿ ಕಣ್ಣು ಮುಚ್ಚಿದರು. ತೆರೆದರು.

“ನಿಜ. ಆ ಸೊಟ್ಟ ಹೊಲಿಗೆಯ ಕೆಳಗೂ ಕೂಸಿಗೆ ನಿದ್ದೆ ಬರುತ್ತಿತ್ತು.”